ಮೊಳೆಗೆ ತೂಗುಬಿದ್ದ ಪೈಪು

ಆ ಪೈಪನ್ನು ಮನೆಗೆ ತಂದವಳು ಬಾಲಮ್ಮನೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿರಲಿಲ್ಲ. ಶಹಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ನೆಲ ಒರೆಸುವುದು, ಬಕೇಟು ಎತ್ತುವುದು ಅವಳ ಕೆಲಸ. ರೋಗಿಗಳಿಗೆ ಬಾಟಲಿ ಏರಿಸಿ ಮುಗಿದ ಮೇಲೆ ಸಲೈನ್ ಪೈಪುಗಳು ಕಸದ ಬುಟ್ಟಿಯಲ್ಲಿ ಹಾವಿನ ಮರಿಗಳಂತೆ ಸುತ್ತಿಕೊಂಡು ಬಿದ್ದಿರುತ್ತಿದ್ದವು. ಒಂದು ದಿನ ಮಾವ ಪರಮಣ್ಣ, "ಬಾಲಮ್ಮ, ಅಂಥಾದೊಂದು ಸಲಾಯಿನ್ ಪೈಪ ತೊಳದು ತಗೊಂಬಾರವ್ವ, ಜೀಪಿಗಿ ಬೇಕಾಗ್ಯಾದ" ಅಂದ. ಮದುವೆಯಾಗಿ ಬಂದಾಗಿನಿಂದ ಮಾವ ಅವಳಿಂದ ನೀರು, ರೊಟ್ಟಿ ಬಿಟ್ಟು ಇನ್ನೇನನ್ನೂ ಕೇಳಿದವನಲ್ಲ. ಅವಳು ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಸೆರಗಿನಲ್ಲಿ ಮುಚ್ಚಿ ತಂದುಕೊಟ್ಟಳು. ಆಗ ಅದು ನೀರಿನಷ್ಟು ತಿಳಿಯಾಗಿತ್ತು. ಬೆರಳಿಗೆ ಸುತ್ತಿದರೆ ಸುತ್ತಿಕೊಳ್ಳುತ್ತಿತ್ತು. ನಡುವೆ ಹನಿ ನಿಲ್ಲಿಸುವ ಪುಟ್ಟ ಗಾಲಿ ಬೇರೆ ಇತ್ತು.

ಜೀಪಿನ ಕಥೆ ಇಷ್ಟು. ಕೃಷ್ಣೆಯ ಕಾಲುವೆ ತೋಡುವಾಗ ಪರಮಣ್ಣ ಭೀಮರಾಯನಗುಡಿ ಕಡೆ ಗುತ್ತೇದಾರನೊಬ್ಬನ ಡ್ರೈವರ್ ಆಗಿದ್ದ. ಕೆಲಸ ಮುಗಿದು ಗುತ್ತೇದಾರ ಗಂಟುಮೂಟೆ ಕಟ್ಟುವಾಗ ಬಾಕಿ ಪಗಾರದ ಬದಲು ಈ ಮುದಿ ಪೆಟ್ರೋಲ್ ಜೀಪನ್ನು ಕೊಟ್ಟು ಕೈತೊಳೆದುಕೊಂಡ. ಕಾಲುವೆಗೆ ನೀರು ಬಂತು. ಜೋಳ ಬೆಳೆಯುತ್ತಿದ್ದ ಎರೆಹೊಲಕ್ಕೆ ಹತ್ತಿ ಬಂತು, ನೆಲ್ಲು ಬಂತು. ಹೊಲದವರಿಗೆ ಆಳು ಬೇಕು, ಆಳಿಗೆ ಕೂಲಿ ಬೇಕು, ಇಬ್ಬರ ನಡುವೆ ಒಂದು ಗಾಡಿ ಬೇಕು. ಓಣಿಯ ಹೆಂಗಸರನ್ನು ಕೂಡಿಸುವವಳು ಪರಮಣ್ಣನ ಹೆಂಡತಿ ಭೀಮಮ್ಮ, ಒಯ್ಯುವವನು ಪರಮಣ್ಣ.

ಜೀಪಿನ ಟಾಂಕಿ ಡ್ರೈವರ್ ಸೀಟಿನ ಕೆಳಗೆ. ಅಲ್ಲಿಂದ ಸಣ್ಣ ಕಬ್ಬಿಣದ ಪೈಪು ಚಾಸಿಯ ಗುಂಟ ಹೋಗಿ ಪಂಪಿಗೆ, ಪಂಪಿನಿಂದ ಕಾರ್ಬೊರೇಟರಿಗೆ. ಕಂಪನಿಯವನು ಮಾಡಿದ್ದು ಹಾಗೆ. ಟಾಂಕಿ ತುಕ್ಕು ಹಿಡಿದು ಕಸ ಉಗುಳತೊಡಗಿತು, ಪಂಪು ಸತ್ತಿತು. ಪರಮಣ್ಣ ಏನು ಮಾಡಿದ? ಒಂದು ಎಣ್ಣೆ ಡಬ್ಬಿಯ ತಳಕ್ಕೆ ಹಿತ್ತಾಳೆಯ ಕೊಳವೆ ಬೆಸುಗೆ ಹಾಕಿಸಿದ. ಡಬ್ಬಿಯನ್ನು ಒಳಗಡೆ ಮುಂದಿನ ಗಾಜಿನ ಸರಳಿಗೆ ಹಗ್ಗದಿಂದ ಬಿಗಿದ. ಕೊಳವೆಗೆ ಸಲೈನ್ ಪೈಪು ತೊಡಿಸಿ, ಅದನ್ನು ಕಾಲ ಹತ್ತಿರದ ತೂತಿನಿಂದ ಇಂಜಿನ್ ಕಡೆ ತೂರಿಸಿ, ನೇರ ಕಾರ್ಬೊರೇಟರಿನ ಬಾಯಿಗಿಟ್ಟ. ಟಾಂಕಿ ಬೇಡ, ಪಂಪು ಬೇಡ. ರೋಗಿಗೆ ಗ್ಲುಕೋಸು ಇಳಿದ ಹಾಗೆ ಮೇಲಿನ ಪೆಟ್ರೋಲು ತಾನಾಗಿ ಕೆಳಗಿಳಿಯುತ್ತದೆ.

"ನಮ್ಮ ಜೀಪಿಗಿ ಸಲಾಯಿನ್ ಹಚ್ಚೇವ್ರಿ, ಇನ್ನ ಸಾಯಂಗಿಲ್ಲದು" ಅಂತ ಓಣಿಗೆಲ್ಲ ನಗೆಯಾಡಿದ. ಓಣಿಯೂ ನಕ್ಕಿತು. ಆ ಕಡೆ ಡಬ್ಬಿ ಕಟ್ಟಿಕೊಂಡು ಓಡುವ ಜೀಪು ಅದೊಂದೇ ಅಲ್ಲ, ಯಾರಿಗೂ ಅದು ಸೋಜಿಗವಲ್ಲ. ಡಬ್ಬಿ ಅಲುಗದ ಹಾಗೆ ಹಿಡಿಯಲು ಮುಂದಿನ ಸೀಟಿನಲ್ಲಿ ಭೀಮಮ್ಮ. ಪಕ್ಕದಲ್ಲಿ ಪರಮಣ್ಣ, ಕಿವಿಯ ಮೇಲೊಂದು ಬೀಡಿ. ಜೀಪು ಎಲ್ಲಿ ನಿಂತರೂ ಸರಿ, ಅವನ ಕೈ ಅವನನ್ನು ಕೇಳದೆಯೇ ಕಿಸೆಯ ಕಡ್ಡಿಪೆಟಗಿಗೆ ಹೋಗುತ್ತಿತ್ತು.

ಮೊದಮೊದಲು ಬಾಲಮ್ಮನೂ ನಕ್ಕವಳೇ. ನಗು ಹೋದದ್ದು ಶ್ರಾವಣ ಕಳೆದ ಮೇಲೆ, ವಡಗೇರಾ ಕಡೆಯ ಒಬ್ಬ ಹೆಣ್ಣುಮಗಳನ್ನು ಚಾಪೆಯಲ್ಲಿ ಸುತ್ತಿ ದವಾಖಾನೆಗೆ ತಂದ ದಿನ. ಸ್ಟೋವ್ ಸಿಡಿದಿತ್ತು. ಆಕೆ ಕೂಗುತ್ತಿರಲಿಲ್ಲ. ಕೂಗಿದ್ದರೆ ಬಾಲಮ್ಮ ಮರೆಯುತ್ತಿದ್ದಳೋ ಏನೋ. "ಗಾಳಿ ಬ್ಯಾಡ, ಸೀರಿ ಬ್ಯಾಡ, ನೀರ ಬ್ಯಾಡ" ಅಂತ ಸಣ್ಣ ದನಿಯಲ್ಲಿ ಒಂದೊಂದನ್ನೇ ಬೇಡವೆನ್ನುತ್ತಿದ್ದಳು. ನರ್ಸುಗಳು ಆಕೆಯ ಕೈಯಲ್ಲಿ ನರ ಹುಡುಕುತ್ತಿದ್ದರು. ಅದೇ ಪೈಪು, ಅದೇ ಪುಟ್ಟ ಗಾಲಿ.

ಆ ಸಂಜೆ ಮನೆಗೆ ಬಂದವಳು ಬುತ್ತಿಗಂಟು ಸಹ ಇಳಿಸದೆ ಜೀಪಿನೊಳಗೆ ಬಗ್ಗಿ ನೋಡಿದಳು. ತಿಳಿಯಾಗಿದ್ದ ಪೈಪು ಕಾಮಾಲೆಯವನ ಕಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಒತ್ತಿದಳು, ಒತ್ತಿಸಿಕೊಳ್ಳಲಿಲ್ಲ. ಕಡ್ಡಿಯಂತೆ ಸೆಟೆದುಕೊಂಡಿತ್ತು.

ರಾತ್ರಿ ಊಟಕ್ಕೆ ಕೂತಾಗ ಬಾಯಿಬಿಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಯ.

"ಮಾವ, ಆ ಪೈಪ ಬದಲ್ ಮಾಡ್ರಿ. ಕಟ್ಟಿಗಿ ಆಗ್ಯಾದ."

"ಆಗ್ಲಿ ಬಿಡವ್ವ. ಗಟ್ಟಿ ಆಗ್ಯಾದಂದ್ರ ಛಲೋನೇ ಆತಲ್ಲ."

ಭೀಮಮ್ಮ ಪಲ್ಯ ನೀಡುತ್ತಿದ್ದ ಸೌಟು ನಿಲ್ಲಿಸಿದಳು. "ಕೇಳ್ರಿ ಕೇಳ್ರಿ. ನೆಲ ಒರಸಾಕಿ ಡಾಕ್ಟರಮ್ಮ ಆಗ್ಯಾಳ. ಪೈಪಿನ ನಾಡಿ ಹಿಡದು ನೋಡಾಕತ್ಯಾಳ."

ಬಾಲಮ್ಮನ ಗಂಡ ಅಂಬ್ರಪ್ಪ ತಾಟಿನಿಂದ ತಲೆ ಎತ್ತದೆ ಅಂದ: "ಯವ್ವಾ, ಅಪ್ಪಗ ಹೇಳು. ಸಲಾಯಿನ್ ಪೈಪ ಪೆಟ್ರೋಲಿಗಿ ತಡಿಯಂಗಿಲ್ಲ. ಅದೂ ಸುಡೋ ಸೈಲೆನ್ಸರ್ ಪೈಪಿನ ಮ್ಯಾಲಿಂದೇ ಹಾಯಿಸ್ಯಾನ. ಒಂದಿನ ಹೊತ್ತತಾದ."

ಪರಮಣ್ಣನೂ ಗೋಡೆಗೆ ಹೇಳಿದ: "ಅವಗ ಹೇಳು. ಗ್ಯಾರೇಜಿನ ಶಾಣ್ಯಾತನ ಗ್ಯಾರೇಜಿನ್ಯಾಗ ಇಟ್ಟು ಮನಿಗಿ ಬಾ ಅಂತ. ನಾ ಕೆನಾಲಿನ ಮ್ಯಾಲ ಗಾಡಿ ಹೊಡಿಯಾಗ ಈ ಮಗನ ಟೊಂಕಕ್ಕ ಉಡದಾರ ಬಿಟ್ರ ಏನೂ ಇರಲಿಲ್ಲ."

"ಇಬ್ರೂ ಒಂದೇ ದೀಪದ ಮುಂದ ಕುಂತೀರಿ" ಅಂದಳು ಭೀಮಮ್ಮ, "ನಾ ಏನು ಟಪಾಲಿನಾಕಿ ಏನು, ಇಲ್ಲಿಂದ ಅಲ್ಲಿಗಿ ಒಯ್ಯಾಕ?"

ಬಾಲಮ್ಮನ ಮಗಳು ಮೋನಮ್ಮ ಕಿಲಕಿಲ ನಕ್ಕಳು. ಮತ್ತ್ಯಾರೂ ನಗಲಿಲ್ಲ.

ಅಪ್ಪ ಮಗ ಮಾತು ಬಿಟ್ಟು ವರ್ಷವಾಗಿತ್ತು. ಹೋದ ಹಂಗಾಮಿನಲ್ಲಿ ಜೀಪು ಕಾಲುವೆಯ ಗೇಟಿನ ಹತ್ತಿರ ಕೆಟ್ಟು ನಿಂತಾಗ, ಮಗ ಬಿಚ್ಚಿದ್ದೇ ತಪ್ಪು ಅಂತ ಪರಮಣ್ಣ ಇಪ್ಪತ್ತು ಮಂದಿ ಹೆಂಗಸರ ಮುಂದೆ ಅವನ ಕೆನ್ನೆಗೆ ಬಾರಿಸಿದ್ದ. "ನನ್ನ ಗಾಡಿ ಮುಟ್ಟಿದ್ರ ಕೈ ಕಡೀತೀನಿ" ಅಂದಿದ್ದ. ಮರುದಿನವೇ ಅಂಬ್ರಪ್ಪ ಬಸ್‌ಸ್ಟ್ಯಾಂಡಿನ ಹಿಂದೆ ಅಬ್ದುಲ್ ಕರೀಮನ ಗ್ಯಾರೇಜಿಗೆ ಸೇರಿಕೊಂಡ. ಅಂದಿನಿಂದ ಅಪ್ಪ ಕರೆಯಲಿ ಅಂತ ಮಗ, ಮಗ ಬಂದು ಕೇಳಲಿ ಅಂತ ಅಪ್ಪ. ಇಬ್ಬರ ಬಾಯಿಗೂ ಬೀಗ. ಆ ಎರಡು ಬೀಗಗಳ ನಡುವೆ ಒಂದು ಡಬ್ಬಿ ಪೆಟ್ರೋಲು. ಅದನ್ನು ದಿನಾ ಎದೆಯ ಮುಂದೆ ಹಿಡಿದು ಕೂತುಕೊಳ್ಳುವವಳು ಮಾತ್ರ ಹೆಂಗಸು. ಗಂಡಸರ ಮಾನಕ್ಕೆ ಕಾವಲು ಯಾವಾಗಲೂ ಹೆಂಗಸಿನ ಮೈಯೇ ಆಗಬೇಕೇನೋ.

ಹತ್ತಿ ಬಿಡಿಸುವ ಹಂಗಾಮು ಜೋರಾಯಿತು. ಹೆಂಗಸರು ಸಂಜೆ ಬರುವಾಗ ಸೀರೆಗೆ, ಕೂದಲಿಗೆ, ಸೀಟಿಗೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡು ಬರುತ್ತಿದ್ದರು. ಬಾಲಮ್ಮನಿಗೆ ಆ ಹತ್ತಿ ಕಂಡರೆ ದೀಪದ ಬತ್ತಿ ಕಂಡ ಹಾಗಾಗುತ್ತಿತ್ತು. ಅತ್ತೆಯ ಸೀರೆ ಒಗೆಯುವಾಗ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಏಳುತ್ತಿತ್ತು. ಅತ್ತೆ ಬಡಿದ ರೊಟ್ಟಿಯಲ್ಲೂ ಪೆಟ್ರೋಲು ನಾರುತ್ತದೆ ಅನಿಸಿ ಒಂದೆರಡು ಸಲ ಅರ್ಧಕ್ಕೇ ತಾಟು ಸರಿಸಿದಳು.

"ಯಾಕ, ಸೊಕ್ಕು ಬಂದಾದೇನು ಅನ್ನದ ಮ್ಯಾಲ?" ಅಂದಳು ಭೀಮಮ್ಮ.

"ವಾಸನಿ ಬರ್ತಾದ ಅತ್ತಿ."

"ದುಡಿಯೋರ ಮೈ ವಾಸನಿ ಬರ್ತಾದವ್ವ. ಫಿನಾಯಿಲ್ ಒರಸೋರಿಗಿ ತಿಳಿಯಂಗಿಲ್ಲ."

ಅಷ್ಟರಲ್ಲಿ ದಸರಾ ಸೂಟಿ ಬಂತು, ಶಾಲೆ ಮುಚ್ಚಿತು. ಮೋನಮ್ಮನನ್ನು ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಬಾಲಮ್ಮ ದವಾಖಾನೆಗೆ, ಅಂಬ್ರಪ್ಪ ಗ್ಯಾರೇಜಿಗೆ.

"ನನ್ನ ಸಂಗಾಟ ಬರ್ತಾಳ ತಗೋ. ಹೊಲದಾಗ ಆಡ್ತಾಳ" ಅಂತ ಭೀಮಮ್ಮ ಮೊಮ್ಮಗಳನ್ನು ಮಡಿಲಲ್ಲಿ ಕೂಡಿಸಿಕೊಂಡಳು. ಮುಂದಿನ ಸೀಟು. ಹುಡುಗಿಯ ತಲೆಯ ಮೇಲೆಯೇ ಡಬ್ಬಿ.

"ಬ್ಯಾಡ ಅತ್ತಿ! ಖಾಸಿಂಬೀ ಅಕ್ಕನ ಕಡಿ ಬಿಡೂಣು."

ಪಕ್ಕದ ಮನೆಯ ಖಾಸಿಂಬೀ ಬಾಗಿಲಲ್ಲೇ ಇದ್ದಳು. "ಬಿಡ್ರಿ, ನಾ ನೋಡ್ಕೊತೀನಿ" ಅಂದಳು.

"ಯಾಕ ಬಿಡ್ಬೇಕು? ನಾ ಸತ್ತೇನೇನು?" ಭೀಮಮ್ಮನ ದನಿ ಏರಿತು. "ಮಂದಿ ಮುಂದ ನಮ್ಮ ಗಾಡಿ ಸರಿ ಇಲ್ಲ ಅಂತ ಡಂಗುರ ಹೊಡದು ಬಾ. ನಾಳಿಂದ ಒಬ್ಬಾಕಿ ಹತ್ತಂಗಿಲ್ಲ. ಆಮ್ಯಾಲ ಎಲ್ಲಾರೂ ನಿನ್ನ ಪಗಾರದಾಗ ಉಣ್ಣೂಣು."

"ಆಯಿ ಸಂಗಾಟೇ ಹೋಗ್ತೀನಿ" ಅಂತ ಮೋನಮ್ಮ ಕಾಲು ಬಡಿದಳು. "ಮುತ್ಯಾ ಹಾರನ್ ಹೊಡಿಲಾಕ ಕೊಡ್ತಾನ."

ಜೀಪು ಹೋಯಿತು. ಬಾಲಮ್ಮ ಆ ದಿನ ದವಾಖಾನೆಯಲ್ಲಿ ಒರೆಸಿದ ನೆಲವನ್ನೇ ಮತ್ತೆ ಒರೆಸಿದಳು. ಹೊರಗೆ ಯಾವುದಾದರೂ ಗಾಡಿ ಗಕ್ಕನೆ ನಿಂತರೆ ಕೈಯ ಬಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಓಡುವಳು, ಯಾರನ್ನಾದರೂ ಚಾಪೆಯಲ್ಲಿ ಸುತ್ತಿ ತಂದಿದ್ದಾರೋ ಅಂತ. ದಿನಾ ಹೀಗೇ ಆಯಿತು. ಸಂಜೆ ಜೀಪಿನ ಸದ್ದು ಕೇಳುವವರೆಗೆ ಅಂಗಳ ಬಿಟ್ಟು ಒಳಗೆ ಹೋಗಳು. ಮಗಳು ಇಳಿದು ಬಂದರೆ ಮೊದಲು ಮೂಗಿನಿಂದ ಅವಳ ತಲೆ ಮೂಸುವಳು.

ಒಂದು ಮಧ್ಯಾಹ್ನ ತಡೆಯಲಾಗದೆ ಗ್ಯಾರೇಜಿಗೇ ಹೋದಳು. ಅಂಬ್ರಪ್ಪ ಒಂದು ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿದ್ದ. ಹೆಂಡತಿಯನ್ನು ಕಂಡರೂ ಕಾಣದವನ ಹಾಗಿದ್ದ. ಕರೀಮ ಸ್ಟೂಲು ಎಳೆದು ಕೊಟ್ಟ.

"ಬೇಟಿ, ಏನಾತು? ಮುಖ ಯಾಕ ಹಿಂಗ ಮಾಡ್ಕೊಂಡಿ?"

"ಚಾಚಾ, ಪೆಟ್ರೋಲ್ ಹಾಯೋ ಪೈಪ ಬೇಕ್ರಿ. ಜೀಪಿಗಿ."

ಕರೀಮನಿಗೆ ಎಲ್ಲ ಗೊತ್ತಿತ್ತು. ಎದ್ದು ಹೋಗಿ, ಒಳಗೆ ದಾರದ ಹೆಣಿಗೆ ಇರುವ ಕಪ್ಪು ರಬ್ಬರ್ ಪೈಪು ಅಳೆದು ಕತ್ತರಿಸಿ, ಎರಡು ಕ್ಲಿಪ್ಪು ಜೊತೆಗೆ ಇಟ್ಟ. "ಇದು ಪೆಟ್ರೋಲಿಗಂತೇ ಮಾಡಿದ್ದು. ಮೊದಲು ಟಾಂಕಿ ತೊಳೀಬೇಕು, ಪಂಪ ಹಾಕ್ಬೇಕು. ಅದಾಗೋ ತನಕ ಡಬ್ಬಿಗೇ ಹಾಕ್ರಿ. ಆದ್ರ ಸೈಲೆನ್ಸರಿನ ಕಡಿ ಒಯ್ಯಬ್ಯಾಡ್ರಿ. ಇಂಜಿನ್ನಿನ ಈ ಕಡಿ ತಗಡಿನ ಗೋಡಿ ಗುಂಟ ಒಯ್ದು ಎರಡೂ ತುದಿಗಿ ಕ್ಲಿಪ್ ಬಿಗೀರಿ. ಅರ್ಧ ತಾಸಿನ ಕೆಲಸ." ಬಾನೆಟ್ಟಿನ ಕಡೆ ತಿರುಗಿ ಕೂಗಿದ: "ಅಂಬ್ರಪ್ಪ! ಸೈಕಲ್ ತಗೊಂಡು ಹೋಗಿ ಹಾಕಿ ಬಾರೋ."

"ಅಪ್ಪ ಕರೀಲಿ, ಹೋಗ್ತೀನಿ" ಅಂತ ಬಾನೆಟ್ಟಿನೊಳಗಿಂದ ದನಿ ಬಂತು.

"ನಿನ ಮಗಳು ಕುಂದುರ್ತಾಳಲ್ಲೋ ಅದ್ರಾಗ!"

"ಮುಟ್ಟಿದ್ರ ಕೈ ಕಡೀತೀನಂದಾನ ಚಾಚಾ. ಮಂದಿ ಎದುರಿಗಿ ಅಂದಾನ. ಮಂದಿ ಎದುರಿಗೇ ಕರೀಲಿ."

ಬಾಲಮ್ಮ ಪೈಪು ಎತ್ತಿಕೊಂಡು ಎದ್ದಳು. ಗಂಡನ ಬೆನ್ನಿಗೆ ಅಂದಳು: "ನಿಮ್ಮ ಕೆನ್ನಿ ಒಂದು ವರ್ಷದಿಂದ ಉರಿಯಾಕತ್ಯಾದ. ಆ ಕೂಸಿನ ಮೈ ಉರದ್ರ ಎಷ್ಟ ದಿನ ಉರೀತಾದ ನನಗ ಗೊತ್ತದ. ನಾ ನೋಡೀನಿ." ಬೋಲ್ಟು ಬಿಗಿಯುತ್ತಿದ್ದ ಪಾನೆಯ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

ಸಂಜೆ ಮಾವನ ಮುಂದೆ ಪೈಪು ಇಟ್ಟಳು. ಪರಮಣ್ಣ ಅದನ್ನು ಬಗ್ಗಿಸಿ ನೋಡಿದ, ಮೂಸಿ ನೋಡಿದ. ಮಾಲು ಒಳ್ಳೆಯದು ಅಂತ ಅವನ ಕೈಗೆ ತಿಳಿಯಿತು.

"ಯಾರು ಕೊಟ್ರು?"

"ಕರೀಮ ಚಾಚಾ."

"ಅವ ಕಳಸ್ಯಾನೇನು?"

ಹೌದು ಅಂದಿದ್ದರೆ ಏನಾಗುತ್ತಿತ್ತೋ. ಇಲ್ಲ ಅಂದಿದ್ದರೆ ಏನಾಗುತ್ತಿತ್ತೋ. ಬಾಲಮ್ಮ ತಡವರಿಸಿದಳು. ಅಷ್ಟೇ ಸಾಕಾಯಿತು.

"ಅವ ಬಂದು ಹಾಕ್ಲಿ. 'ಅಪ್ಪಾ, ತಪ್ಪಾತು' ಅಂತ ಒಂದ ಮಾತು ಅಂದು ಹಾಕ್ಲಿ. ಅಲ್ಲಿ ತನ ಇದು ಇಲ್ಲೇ ಇರ್ಲಿ" ಅಂತ ಪರಮಣ್ಣ ಪೈಪನ್ನು ಸುರುಳಿ ಸುತ್ತಿ ಅಂಗಳದ ಗೋಡೆಯ ಮೊಳೆಗೆ ತೂಗುಹಾಕಿದ. ಮೊರ, ಜರಡಿಯ ಪಕ್ಕದಲ್ಲಿ. ಒಳ್ಳೆಯ ಪೈಪು ಗೋಡೆಗೆ, ಕೆಟ್ಟ ಪೈಪು ಜೀಪಿಗೆ. ದಿನ ಕಳೆದವು. ಅಂಬ್ರಪ್ಪ ಬೆಳಿಗ್ಗೆ ಹಲ್ಲುಜ್ಜುತ್ತ ಅದನ್ನು ನೋಡುತ್ತಿದ್ದ, ಪರಮಣ್ಣ ಸಂಜೆ ಕಾಲು ತೊಳೆಯುತ್ತ ನೋಡುತ್ತಿದ್ದ. ಭೀಮಮ್ಮ ಮೊರ ತೆಗೆಯುವಾಗೆಲ್ಲ ಅದು ಕೈಗೆ ತಾಗಿದರೆ ಬೆಂಕಿ ತಾಗಿದಂತೆ ಕೈ ಎಳೆದುಕೊಳ್ಳುತ್ತಿದ್ದಳು. ಅದನ್ನು ಬಾಲಮ್ಮ ಒಮ್ಮೆ ಕಂಡಳು. ಆದರೆ ಏನೆಂದು ತಿಳಿಯಲಿಲ್ಲ.

"ಅತ್ತಿ, ನೀವಾದ್ರೂ ಒಂದ ಮಾತು ಹೇಳ್ರಿ ಅವರಿಗಿ."

"ನಾ ಏನು ಹೇಳ್ಲವ್ವ? ಹೆಸರು ಹಿಡದು ಕರಿಯೋ ಹಂಗಿಲ್ಲ, ಎದುರು ಆಡೋ ಹಂಗಿಲ್ಲ. ನನಗ ನನ್ನ ಅವ್ವ ಕಲಿಸಿದ್ದು ಇಷ್ಟೇ."

ಅದು ನಿಜ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಭೀಮಮ್ಮ ನಂಬಿದ್ದಳು. ರೇಷನ್ ಅಂಗಡಿಯವನು ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗಿಟ್ಟುಕೊಂಡು ಖಾಸಿಂಬೀಯ ಪಕ್ಕೆ ತಿವಿಯುತ್ತಿದ್ದಳು. ಪಾಪ, ಖಾಸಿಂಬೀಯೇ "ಪರಮಣ್ಣ ಅಂತ ಬರ್ಕೋರಿ" ಅನ್ನಬೇಕಾಗುತ್ತಿತ್ತು.

ಸೂಟಿಯ ಕೊನೆಯ ವಾರ. ಬಾಲಮ್ಮ ಗಟ್ಟಿ ಮನಸ್ಸು ಮಾಡಿದಳು. ಪರಮಣ್ಣ ದಿನಾ ಜಳಕ ಮಾಡಿ, ಜೀಪಿಗೆ ಊದುಬತ್ತಿ ಬೆಳಗಿ, ಆಮೇಲೆ ಡಬ್ಬಿಗೆ ಪೆಟ್ರೋಲು ಸುರಿಯುತ್ತಿದ್ದ. ಅವನು ಬಚ್ಚಲಿಗೆ ಹೋದಾಗ ಡಬ್ಬಿ ಖಾಲಿ ಇರುತ್ತದೆ. ಅರ್ಧ ತಾಸಿನ ಕೆಲಸ ಅಂದಿದ್ದನಲ್ಲ ಕರೀಮ! ಹೊತ್ತು ಮೂಡಿ ಇನ್ನೂ ಬಿಸಿಲು ಅಂಗಳಕ್ಕೆ ಇಳಿದಿರಲಿಲ್ಲ. ಅಂಬ್ರಪ್ಪ ಆಗಲೇ ಗ್ಯಾರೇಜಿಗೆ ಹೋಗಿದ್ದ. ಅವಳು ಮೊಳೆಯಿಂದ ಪೈಪು ತೆಗೆದಳು, ಜೀಪಿನೊಳಗೆ ಬಗ್ಗಿದಳು. ಡಬ್ಬಿಯ ಕೊಳವೆಗೆ ಸಲೈನ್ ಪೈಪು ಕಟ್ಟಿದ್ದ ತಂತಿಯನ್ನು ಹಲ್ಲಿನಿಂದ ಸಡಿಲಿಸಿ ಬಿಚ್ಚಿದಳು. ಪೈಪು ಜಗ್ಗಿದಳು. ಕಿತ್ತು ಬಂತು. ತುದಿ ಒಣಗಿದ ತುಟಿಯ ಹಾಗೆ ಸೀಳಿತ್ತು.

"ಏಯ್!"

ಪರಮಣ್ಣ ಒದ್ದೆ ಮೈಯಲ್ಲಿ ನಿಂತಿದ್ದ. "ಪೂಜಿ ಆಗದ ಗಾಡಿಗಿ ಕೈ ಹಚ್ಚಿದಿ? ಯಾರು ಕಲಿಸ್ಯಾರ ನಿನಗ ಇದು? ಗಂಡ ಕಲಿಸಿ ಕಳಸ್ಯಾನ ಹೌದಿಲ್ಲೋ? ತಾ ಬರಾಕ ಮಾರಿ ಇಲ್ಲ, ಹೆಂಡ್ತೀನ ಕಳಸ್ತಾನ!"

"ಅವರೇನೂ ಹೇಳಿಲ್ರಿ ಮಾವ. ನೋಡ್ರಿ ಇಲ್ಲಿ, ಸೀಳ್ಯಾದ..."

"ಸರಿ ಆಚಿ!"

ಭೀಮಮ್ಮ ಒಲೆಯ ಹತ್ತಿರದಿಂದ ಎದ್ದು ಬಂದಳು. ಹಳೆ ಪೈಪನ್ನು ಪರಮಣ್ಣ ಅವಳ ಕೈಯಿಂದ ಕಿತ್ತುಕೊಂಡ, ಕೊಳವೆಗೆ ಒತ್ತಿ ತುರುಕಿದ, ಹೊಸದನ್ನು ಮತ್ತೆ ಮೊಳೆಗೆ ಎಸೆದ. ಪೂಜೆ ಗೀಜೆ ಏನೂ ಇಲ್ಲ. ಪೆಟ್ರೋಲು ಸುರಿದ, ಪೈಪಿನ ಪುಟ್ಟ ಗಾಲಿ ತಿರುಗಿಸಿದ, ಹೊಡೆದುಕೊಂಡು ಹೋಗಿಯೇಬಿಟ್ಟ. ಭೀಮಮ್ಮ ಬುತ್ತಿಗಂಟು, ಮೊಮ್ಮಗಳು ಎರಡನ್ನೂ ಎತ್ತಿಕೊಂಡು ಓಡಿ ಹತ್ತಬೇಕಾಯಿತು.

ಬಾಲಮ್ಮ ಅಳಲಿಲ್ಲ. ಕಸಬರಿಗೆ ಹಿಡಿದು ಅಂಗಳ ಗುಡಿಸತೊಡಗಿದಳು. ಜೀಪು ನಿಂತಿದ್ದ ಜಾಗದಲ್ಲಿ ಕಸಬರಿಗೆಗೆ ಏನೋ ತಾಗಿ ಕಿಣಿ ಅಂದಿತು.

ತಂತಿ. ಅವಳು ಹಲ್ಲಿನಿಂದ ಬಿಚ್ಚಿದ ತಂತಿ. ಪೈಪು ಬಿಗಿದು ಹಿಡಿದಿದ್ದ ತಂತಿ.

ಕಸಬರಿಗೆ ಅಲ್ಲೇ ಬಿತ್ತು. ಸಿಟ್ಟಿನ ಭರದಲ್ಲಿ ಮಾವ ಪೈಪು ಬರೇ ಒತ್ತಿಟ್ಟಿದ್ದಾನೆ. ಕಟ್ಟಿಲ್ಲ. ಬಿಚ್ಚಿದವಳು ನಾನು. ತಂದವಳೂ ನಾನು, ಬಿಚ್ಚಿದವಳೂ ನಾನು.

ಜೀಪು ಓಣಿ ಓಣಿ ಸುತ್ತಿ ಹೆಂಗಸರನ್ನು ಹತ್ತಿಸಿಕೊಂಡು ಕಾಲುವೆಯ ಸೇತುವೆಗೆ ಬರಬೇಕು. ಹೊಲದ ಬದುವಿನಿಂದ ಹೋದರೆ ಸೇತುವೆ ಹತ್ತಿರ. ಬಾಲಮ್ಮ ಬರಿಗಾಲಲ್ಲಿ ಓಡಿದಳು. ಎರೆಮಣ್ಣಿನ ಹೆಂಟೆ ಕಾಲಿಗೆ ಚುಚ್ಚಿತು. ಹತ್ತಿ ಗಿಡದ ಕಡ್ಡಿ ಸೀರೆ ಹಿಡಿದೆಳೆಯಿತು. ಹರಿದುಕೊಂಡು ಓಡಿದಳು. ಮುಷ್ಟಿಯಲ್ಲಿ ತಂತಿ. ದೂರದಲ್ಲಿ ಜೀಪಿನ ಹಾರನ್ನು ಕೇಳಿತು: ಪೀಂ ಪೀಂ ಪೀಂ. ಮೋನಮ್ಮ ಹೊಡೆಯುತ್ತಿದ್ದಾಳೆ. ಹೊಡೀ, ಹೊಡೀತಾ ಇರು, ನಿಲ್ಲಿಸಬ್ಯಾಡ ನನ್ನವ್ವ. ಹಾರನ್ನು ನಿಂತಿತು.

ಕಾಲುವೆಯ ಏರಿ ಹತ್ತಿದಾಗ ಕಂಡದ್ದು ಇದು. ಜೀಪು ಸೇತುವೆಯ ಮೇಲೆ ನಿಂತಿದೆ. ಸೇತುವೆಯ ಉಬ್ಬಿಗೆ ಗಾಡಿ ಎಗರಿದಾಗ ಪೈಪು ಕಳಚಿ, ಡಬ್ಬಿಯ ಪೆಟ್ರೋಲೆಲ್ಲ ಭೀಮಮ್ಮನ ಮೇಲೆ ಸುರಿದಿದೆ. ಪೆಟ್ರೋಲು ಸಿಗದೆ ಇಂಜಿನ್ನು ತಾನಾಗಿ ಸತ್ತಿದೆ. ಹಿಂದಿನ ಹೆಂಗಸರು ಒಬ್ಬರ ಮೇಲೊಬ್ಬರು ಇಳಿಯುತ್ತಿದ್ದಾರೆ. ಭೀಮಮ್ಮ ಸೇತುವೆಯ ಕಟ್ಟೆಗೆ ಒರಗಿ ನಿಂತಿದ್ದಾಳೆ, ಎದೆಯಿಂದ ಮೊಣಕಾಲವರೆಗೆ ಸೀರೆ ಮೈಗಂಟಿದೆ. ಅವಳ ಕಂಕುಳಲ್ಲಿ ಮೋನಮ್ಮ. ಹುಡುಗಿಯ ಕೂದಲಿನಿಂದ ಹನಿ ಬೀಳುತ್ತಿದೆ, ಕಣ್ಣುರಿಯೆಂದು ಮುಷ್ಟಿಯಿಂದ ಉಜ್ಜಿಕೊಳ್ಳುತ್ತಿದ್ದಾಳೆ.

ಅವರಿಂದ ಎರಡು ಮಾರು ದೂರದಲ್ಲಿ ಪರಮಣ್ಣ ಬಾನೆಟ್ಟು ಎತ್ತಿ ನಿಂತಿದ್ದಾನೆ. ಮುಖ ಸತ್ತವನ ಮುಖ. ಗಾಡಿ ನಿಂತಿದೆಯಲ್ಲ! ಒಂದು ಕೈ ಕಿವಿಯ ಮೇಲಿನ ಬೀಡಿಯನ್ನು ಬಾಯಿಗಿಟ್ಟಿದೆ. ಇನ್ನೊಂದು ಕೈ ಕಿಸೆಯಿಂದ ಕಡ್ಡಿಪೆಟಗಿ ತೆಗೆಯುತ್ತಿದೆ. ಅವನಿಗೆ ಗೊತ್ತಿಲ್ಲ. ಅವನ ಕಣ್ಣು ಇಂಜಿನ್ ಮೇಲಿದೆ, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದೆ.

ಬಾಲಮ್ಮ ಕೂಗಲು ಬಾಯಿ ತೆರೆದಳು. ಉಸಿರೇ ಇರಲಿಲ್ಲ. ಓಡಿ ಬಂದ ಎದೆಯಲ್ಲಿ ದನಿ ಹುಟ್ಟಲಿಲ್ಲ. ಕಡ್ಡಿ ಪೆಟಗಿಯಿಂದ ಹೊರಬಂತು.

ಭೀಮಮ್ಮನೂ ಅದನ್ನೇ ನೋಡುತ್ತಿದ್ದಳು. ಕಿರುಚಲಿಲ್ಲ. ಕಿರುಚಿದ್ದರೆ ಬೆಚ್ಚಿ ಗೀರುತ್ತಿದ್ದನೋ ಏನೋ. ಊಟಕ್ಕೆ ಕರೆಯುವಷ್ಟು ಮೆಲ್ಲಗೆ, ಸ್ಪಷ್ಟವಾಗಿ ಅಂದಳು:

"ಪರಮಣ್ಣ."

ಇಳಿಯುತ್ತಿದ್ದ ಇಪ್ಪತ್ತು ಮಂದಿ ಹೆಂಗಸರು ತಿರುಗಿ ನೋಡಿದರು. ಆ ಹೆಸರು ಆ ಬಾಯಿಂದ ಬಂದದ್ದನ್ನು ಅವರಾರೂ ಕೇಳಿರಲಿಲ್ಲ. ಪರಮಣ್ಣನೂ ಕೇಳಿರಲಿಲ್ಲ, ಮದುವೆಯ ದಿನವೂ ಇಲ್ಲ. ಅವನು ತಿರುಗಿದ. ಬೀಡಿ ತುಟಿಯಲ್ಲಿ, ಕಡ್ಡಿ ಪೆಟಗಿಯ ಮಗ್ಗುಲಿಗೆ ತಾಗಿದ ಹಾಗೇ. ಹೆಂಡತಿಯನ್ನು ನೋಡಿದ. ಅವಳ ಸೀರೆ ನೋಡಿದ. ಮೊಮ್ಮಗಳ ಕೂದಲು ನೋಡಿದ. ಆಮೇಲೆ ತನ್ನ ಕೈ ನೋಡಿದ.

"ಕಡ್ಡಿಪೆಟಗಿ ಇಲ್ಲಿ ಕೊಡು" ಅಂದಳು ಭೀಮಮ್ಮ.

ಅವನು ನಿಂತಲ್ಲಿಂದ ಕದಲಲಿಲ್ಲ. ಬಾಲಮ್ಮನೇ ಹೋಗಿ ಆ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಪೆಟಗಿ ಕಿತ್ತು ಕಾಲುವೆಗೆ ಎಸೆದಳು. ಬಾಯಿಯ ಬೀಡಿಯನ್ನೂ ಕಿತ್ತು ಎಸೆದಳು. ಮಾವನ ತುಟಿಗೆ ಸೊಸೆಯ ಕೈ ತಾಗಿದ್ದು ಅವತ್ತೇ ಮೊದಲು. ಆಗ ಪರಮಣ್ಣ ಜೀಪಿನ ಗಾಲಿಯ ಹತ್ತಿರ ಕುಸಿದು ಕೂತ.

ಹೆಂಗಸರು ಕಾಲುವೆಯ ಮೆಟ್ಟಿಲ ಹತ್ತಿರ ಸೀರೆ ಅಡ್ಡ ಹಿಡಿದು ನಿಂತರು. ಬಾಲಮ್ಮ ಅತ್ತೆಗೂ ಮಗಳಿಗೂ ನೀರು ಹೊಯ್ದಳು. ನೀರಿನ ಮೇಲೆ ನವಿಲುಗರಿಯಂಥ ಬಣ್ಣ ಹರಡಿ ಹರಿದು ಹೋಯಿತು. ಹೊಯ್ದಷ್ಟೂ ಹರಿಯಿತು.

"ಅತ್ತಿ, ತಂತಿ ಬಿಚ್ಚಿದಾಕಿ ನಾನ್ರಿ."

ಭೀಮಮ್ಮ ಮುಖದ ನೀರು ಒರೆಸಿಕೊಂಡಳು. "ನೋಡೀನಿ. ಕಟ್ಟಲಾರದ ಹೊಡ್ಕೊಂಡು ಹೋದವನನ್ನೂ ನೋಡೀನಿ." ಹಲ್ಲು ಕಟಕಟಿಸುತ್ತಿತ್ತು ಅವಳಿಗೆ. "ನಂಗೇನು ಅಂಜಿಕಿ ಇರ್ಲಿಲ್ಲ ಅಂತ ತಿಳದಿ? ದಿನಾ ಆ ಡಬ್ಬಿ ಹಿಡಕೊಂಡು, ಇವತ್ತು, ಇವತ್ತು ಅನಕೋತ ಕುಂದುರ್ತಿದ್ದೆ. ಅಂಜಿಕಿ ತೋರಿಸಿದ್ರ ಮಂದಿ ಹತ್ತಂಗಿಲ್ಲ ಅಂತ ನಿನ್ನ ಬಾಯಿ ಬಡದೆ."

ಅವತ್ತು ಯಾರೂ ಹತ್ತಿಗೆ ಹೋಗಲಿಲ್ಲ. ಜೀಪು ಸೇತುವೆಯ ಮೇಲೇ ಉಳಿಯಿತು. ಮಧ್ಯಾಹ್ನದ ರೊಟ್ಟಿಗೆ ಹಿಟ್ಟು ನಾದಿಟ್ಟದ್ದು ಒಣಗಿ ಬಿರುಕು ಬಿಟ್ಟಿತು. ಒಲೆಯ ಮುಂದೆ ಹೋಗಿ ಭೀಮಮ್ಮ ಕೂತಳು, ಎದ್ದಳು. ಬಾಲಮ್ಮ ಹೋಗಿ ಕೂತಳು, ಎದ್ದಳು. ಮೋನಮ್ಮನ ತಲೆಗೆ ಮೂರು ಸಲ ಸೀಗೆಕಾಯಿ ಹಾಕಿ ಉಜ್ಜಿದರೂ ಮೂಸಿದರೆ ಅದೇ ವಾಸನೆ. ಇದ್ದ ತಂಗಳು ರೊಟ್ಟಿಗೆ ಶೇಂಗಾ ಹಿಂಡಿ ಚಟ್ನಿ ಹಚ್ಚಿ ಹುಡುಗಿಗೆ ಕೊಟ್ಟರು. ದೊಡ್ಡವರು ಉಣ್ಣಲಿಲ್ಲ.

ಹೊತ್ತು ಇಳಿಯುವಾಗ ಖಾಸಿಂಬೀ ಬಂದಳು. ದಿನವಿಡೀ ಸಂತೆಗೆ ಹೋಗಿದ್ದವಳಿಗೆ ಸುದ್ದಿ ಮುಟ್ಟಿರಲಿಲ್ಲ. ಈ ಮನೆಯ ಹೊಗೆ ಕಾಣಲಿಲ್ಲ, ಕಡ್ಡಿ ಇರಲಿಕ್ಕಿಲ್ಲ ಅಂತ ಯಾವತ್ತಿನಂತೆ ಸೌಟಿನಲ್ಲಿ ಎರಡು ಕೆಂಡ ಇಟ್ಟುಕೊಂಡು ಬಂದಿದ್ದಳು. "ಭೀಮವ್ವ, ಒಲಿಗಿ ಕೆಂಡ ತಂದೀನಿ..." ಹೊಸ್ತಿಲಲ್ಲಿ ಕೆಂಡ ಕಂಡದ್ದೇ ಮೋನಮ್ಮ ಚಿಟ್ಟನೆ ಚೀರಿ ಗೋಡೆಗೆ ಹೋಗಿ ಅಂಟಿಕೊಂಡಳು. ಪರಮಣ್ಣ ಎರಡೂ ಕೈ ಚಾಚಿ ಅವಳಿಗೆ ಅಡ್ಡ ನಿಂತ.

"ಹೊರಗ, ತಂಗಿ. ಹೊರಗ ಇರ್ಲಿ" ಅಂದಳು ಭೀಮಮ್ಮ. ಖಾಸಿಂಬೀ ಕೆಂಡವನ್ನು ಅಂಗಳದ ಮಣ್ಣಿಗೆ ಹಾಕಿ ನೀರು ಸುರಿದಳು. ಚುಂಯ್ ಅಂತ ಸದ್ದಾಯಿತು.

ಅಂಬ್ರಪ್ಪ ಬಂದದ್ದು ಅದೇ ಹೊತ್ತಿಗೆ. ಸುದ್ದಿ ಗ್ಯಾರೇಜಿಗೆ ತಡವಾಗಿ ಮುಟ್ಟಿ, ಸೈಕಲ್ಲು ತುಳಿದುಕೊಂಡು ಬಂದಿದ್ದ. ಅಂಗಳದಲ್ಲೇ ನಿಂತ. ಒಳಗೆ ಬರುವ ಮುಖ ಅವನಿಗೆ ಇರಲಿಲ್ಲ. ಅಪ್ಪ ಮಗ ಒಬ್ಬರನ್ನೊಬ್ಬರು ನೋಡಲಿಲ್ಲ. ಇಬ್ಬರೂ ಗೋಡೆಯ ಮೊಳೆ ನೋಡಿದರು.

"ಯವ್ವಾ, ಅಪ್ಪಗ ಕೇಳು..." ಅಂತ ಅಂಬ್ರಪ್ಪ ಶುರುಮಾಡಿದ.

"ಬಾಯಿ ಮುಚ್ಚು!" ಭೀಮಮ್ಮನ ದನಿಗೆ ಮನೆ ನಡುಗಿತು. "ಟಪಾಲು ಬಂದ್ ಆಗ್ಯಾದ ಇವತ್ತಿಂದ." ಆಮೇಲೆ ಗಂಡನ ಮುಂದೆ ಹೋಗಿ ನಿಂತಳು. ಬಿಚ್ಚಿದ ಕೂದಲು ಬೆನ್ನ ಮೇಲೆ ಹರಡಿತ್ತು. "ನಾ ಇವತ್ತು ಆಡಬಾರದ ಹೆಸರು ಆಡೀನಿ. ಇಡೀ ಓಣಿ ಮುಂದ ಆಡೀನಿ. ನೀ ಸತ್ತಿಯೇನು? ಬದುಕೇ ಇದ್ದಿ. ನಿನ ಮಗನ ಹೆಸರು ಕರಿಯಾಕ ನಿನಗ ಏನು ಧಾಡಿ ಆಗ್ಯಾದ? ಕರಿ."

ಪರಮಣ್ಣ ಹೊಸ್ತಿಲು ದಾಟಿ ಅಂಗಳಕ್ಕೆ ಬಂದ. ಮೊಳೆಯಿಂದ ಪೈಪು ತೆಗೆದ. ಕೈಯಲ್ಲಿ ಕ್ಲಿಪ್ಪು ಕಿಣಿಕಿಣಿ ಅಂದವು.

"ಅಂಬ್ರ್ಯಾ" ಅಂದ. ದನಿ ಬಿರುಕು ಬಿಟ್ಟಿತ್ತು. "ಬಾಪ್ಪಾ. ನನಗ ಕೈ ಬರವಲ್ದು."

ಅಂಬ್ರಪ್ಪ ಪೈಪಿಗೆ ಕೈ ಚಾಚಿದ. ಬಾಲಮ್ಮ ನಡುವೆ ಬಂದು ಅವನ ಅಂಗಿಯ ಕಿಸೆಗೆ ಕೈ ಹಾಕಿದಳು, ಪ್ಯಾಂಟಿನ ಎರಡೂ ಕಿಸೆ ತಡವಿದಳು. ಕಡ್ಡಿಪೆಟಗಿ ಇರಲಿಲ್ಲ. ಆದರೂ ಮತ್ತೊಮ್ಮೆ ತಡವಿದಳು. ಆಮೇಲೆ ದಾರಿ ಬಿಟ್ಟಳು.

ಅಪ್ಪ ಮಗ ಸೇತುವೆಯ ಕಡೆ ನಡೆದರು. ಅವರು ತಿರುಗಿ ಬರುವವರೆಗೆ ಆ ಮನೆಯಲ್ಲಿ ಯಾರೂ ದೀಪ ಹಚ್ಚಲಿಲ್ಲ.